ಮೆಲ್ಬೋರ್ನಿನ ಹೆಲ್ಲಾಸ್ ಸಂಘ

ಎರಡನೆಯ ಮಹಾಯುದ್ಧವೂ ಅದರ ಬೆನ್ನಿಗೇ ಬಂದ ಅಂತಃಕಲಹವೂ ಗ್ರೀಸ್ ದೇಶವನ್ನು ಬರಿದುಮಾಡಿದ ಮೇಲೆ ಆ ನಾಡಿನ ಸಾವಿರಾರು ಮಂದಿ ಹಡಗು ಹತ್ತಿ ಆಸ್ಟ್ರೇಲಿಯಾ ಖಂಡಕ್ಕೆ ಹೊರಟರು. ಮೆಲ್ಬೋರ್ನ್ ನಗರದಲ್ಲಿ ಇಳಿದವರಿಗೆ ಕಾರ್ಖಾನೆಗಳಲ್ಲಿ ಕೆಲಸ ದೊರೆಯಿತು. ಮನಸ್ಸು ಬಿಚ್ಚಿ ಮಾತನಾಡಲು ಜನ ದೊರೆಯಲಿಲ್ಲ. ಆ ಕೊರತೆಯನ್ನು ತುಂಬಿದುವು ಇಗರ್ಜಿ ಮತ್ತು ಕಾಲ್ಚೆಂಡಿನ ಸಂಘ. ಮೂರು ಸಂಘಗಳು ಕೂಡಿ 1959ರಲ್ಲಿ ಹುಟ್ಟಿದ ಸೌತ್ ಮೆಲ್ಬೋರ್ನ್ ಹೆಲ್ಲಾಸ್ ಅಂಥವುಗಳಲ್ಲಿ ಒಂದು. ಹೆಲ್ಲಾಸ್ ಎಂಬುದು ಗ್ರೀಕರು ತಮ್ಮ ನಾಡಿಗೆ ಇಟ್ಟುಕೊಂಡ ಹೆಸರು. ವಾರವೆಲ್ಲ ಬಾಯಿಲ್ಲದವನಂತೆ ದುಡಿದವನು ಮಿಡಲ್ ಪಾರ್ಕಿನ ಅದರ ಬಯಲಿಗೆ ಬಂದರೆ ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಕೂಗಬಹುದಾಗಿತ್ತು, ಬೈಯಲೂಬಹುದಾಗಿತ್ತು. ಬೈಗುಳಕ್ಕೂ ತಾಯ್ನುಡಿಯಲ್ಲಿಯೇ ಅಲ್ಲವೇ ರುಚಿ!

ಈ ಸಂಘಕ್ಕೆ 1989ರಲ್ಲಿ ಶಿಕ್ಷಕನಾಗಿ ಬಂದವನು ಫೆರೆಂಕ್ ಪುಷ್ಕಾಷ್. ಹಂಗೇರಿಯ ಪರವಾಗಿ 85 ಪಂದ್ಯಗಳಲ್ಲಿ 84 ಗೋಲುಗಳನ್ನು ಹೊಡೆದ ಮಹಾಪುರುಷ. 1956ರ ಕ್ರಾಂತಿಯ ಕಾಲದಲ್ಲಿ ಪರದೇಶದ ಪ್ರವಾಸದಲ್ಲಿದ್ದು, ಸ್ವದೇಶಕ್ಕೆ ಮರಳದೆ ನಿಂತುಬಿಟ್ಟವನು. ಮತ್ತೆ ಆ ನೆಲವನ್ನು ಮೆಟ್ಟಿದ್ದು 1981ರಲ್ಲಿ. ಮೆಲ್ಬೋರ್ನಿಗೆ ಬಂದಾಗ ಅವನಿಗೆ ಅರುವತ್ತು ದಾಟಿದ್ದಿತು, ಮೈ ತುಂಬಿಕೊಂಡಿದ್ದಿತು. ಅಂಥವನ ಮುಂದೆ ನಿಂತವರಾದರೋ ಬಹುಮಟ್ಟಿಗೆ ಹಗಲಿನ ಉದ್ಯೋಗ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದ ತರುಣರು.

ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೆ. ಆದರೆ 1970ರ ದಶಕದ ಮೊದಲಲ್ಲಿ ಅಥೆನ್ಸಿನ ಪನಾಥಿನಾಯ್ಕೋಸ್ ತಂಡವನ್ನು ತರಬೇತುಗೊಳಿಸಿ, 1971ರಲ್ಲಿ ಯೂರೋಪಿನ ಅಂತಿಮ ಪಂದ್ಯದವರೆಗೆ ಕೊಂಡೊಯ್ದಿದ್ದವನಾದುದರಿಂದ ಗ್ರೀಕ್ ಬರುತ್ತಿದ್ದಿತು. ತಂಡದ ನಾಯಕ ಆಂಜ್ ಪೋಸ್ಟೆಕೊಗ್ಲು. ಅಥೆನ್ಸಿನಲ್ಲಿ ಹುಟ್ಟಿ, ಐದರ ಹರೆಯದಲ್ಲಿ ತಂದೆತಾಯಿಗಳೊಡನೆ ಮೆಲ್ಬೋರ್ನಿಗೆ ಬಂದವನು. ತಂದೆಯ ಕೈಹಿಡಿದು ಇದೇ ಬಯಲಿಗೆ ಬಂದು ಆಟ ನೋಡಿ ಬೆಳೆದವನು. ಗುರುವಿಗೆ ದುಭಾಷಿಯೂ ಅವನೇ, ತನ್ನ ಹಳೆಯ ಮೋಟಾರಿನಲ್ಲಿ ಕರೆದೊಯ್ಯುವ ಸಾರಥಿಯೂ ಅವನೇ. ಕುರುಕ್ಷೇತ್ರದಲ್ಲಿ ಸಾರಥಿ ಉಪದೇಶಿಸಿದನು, ರಥಿಕನು ಕೇಳಿದನು. ಇಲ್ಲಿ ಉಪದೇಶ ಹಿಂದುಮುಂದಾಯಿತು. ಒಬ್ಬನಿಗೆ ಎರವಲು ನುಡಿ, ಇನ್ನೊಬ್ಬನಿಗೆ ಮನೆಯ ನುಡಿ. ಆ ಒಂದೇ ನುಡಿಯಲ್ಲಿ ದಾರಿಯುದ್ದಕ್ಕೂ ಪಾಠ ನಡೆಯಿತು. ಬಳಿಯಲ್ಲಿ ಕುಳಿತು ಕಲಿಯುವುದೇ ಉಪನಿಷತ್ತೆಂದು ನಮ್ಮ ಹಿರಿಯರು ಹೇಳಿದ್ದು ಇಂಥದನ್ನೇ ಇರಬೇಕು. ಪಾಠದ ತಿರುಳು ಸರಳ: ಎದುರಾಳಿ ಎಷ್ಟು ಗೋಲು ಹೊಡೆದರೂ ಚಿಂತೆಯಿಲ್ಲ, ನಾವು ಒಂದು ಹೆಚ್ಚು ಹೊಡೆಯೋಣ.

1990ರಲ್ಲಿ ಮೊದಲಾದ ಆಟದ ವರ್ಷ 1991ರ ಮೇ ತಿಂಗಳಲ್ಲಿ ಕೊನೆಮುಟ್ಟಿತು. ಒಲಿಂಪಿಕ್ ಪಾರ್ಕಿನ ಅಂತಿಮ ಪಂದ್ಯದಲ್ಲಿ ಎದುರಾದದ್ದು ಮೆಲ್ಬೋರ್ನ್ ಕ್ರೊಯೇಷಿಯಾ. ಅದೂ ವಲಸೆಗಾರರದೇ ಸಂಘ. ಮೊದಲ ಗೋಲು ಅವರದಾಯಿತು. ಹೊತ್ತು ಮುಗಿಯುತ್ತ ಬಂದಿತು. ಕೊನೆಯ ನಿಮಿಷಗಳಲ್ಲಿ ಹೆಲ್ಲಾಸ್ ಲೆಕ್ಕವನ್ನು ಸಮಮಾಡಿತು. ಬಳಿಕ ಪೆನಾಲ್ಟಿ ಒದೆತಗಳಲ್ಲಿ 5–4ರಿಂದ ಗೆದ್ದಿತು. 1984ರ ಅನಂತರ ಅದು ಸಂಘದ ಎರಡನೆಯ ರಾಷ್ಟ್ರೀಯ ವಿಜಯ.

ಮುಂದಿನ ವರ್ಷ ಗುರು ಹೊರಟುಹೋದನು. ಶಿಷ್ಯನ ಮೊಣಕಾಲು ನೊಂದು ಮೂವತ್ತು ತುಂಬುವ ಮೊದಲೇ ಆಟ ನಿಂತಿತು. ಆದರೆ 1998ರಲ್ಲಿಯೂ 1999ರಲ್ಲಿಯೂ ಅವನೇ ಶಿಕ್ಷಕನಾಗಿ ಅದೇ ಸಂಘಕ್ಕೆ ರಾಷ್ಟ್ರೀಯ ವಿಜಯವನ್ನು ತಂದನು. 2015ರಲ್ಲಿ ಆಸ್ಟ್ರೇಲಿಯಾಕ್ಕೆ ಏಷ್ಯಾದ ಕಪ್ಪನ್ನು ಗೆಲ್ಲಿಸಿದನು.

ಬಯಲಿನ ಹಣೆಬರಹ ಬೇರೆ. ಆಲ್ಬರ್ಟ್ ಪಾರ್ಕಿನಲ್ಲಿ 1996ರಿಂದ ಮೋಟಾರು ಪಂದ್ಯ ನಡೆಸಬೇಕೆಂದು ಹಳೆಯ ಆಟದ ಕಟ್ಟೆಯನ್ನು ಕೆಡವಿದರು. ಸಂಘಗಳು ಪರನಾಡಿನ ಹೆಸರನ್ನೂ ಗುರುತನ್ನೂ ಬಿಡಬೇಕೆಂದು ಆಡಳಿತದವರು ಒತ್ತಾಯಿಸಿದ್ದೂ ಅದೇ ದಶಕದಲ್ಲಿ. ಯೂರೋಪಿನ ಹಳೆಯ ಹಗೆಗಳು ಬಯಲಿಗೆ ಇಳಿಯುವುವೆಂಬ ಅವರ ಅಂಜಿಕೆ ತೀರ ಹುರುಳಿಲ್ಲದ್ದೆನ್ನಲಾಗದು. ಆದರೂ ಮನೆಯ ಹೆಸರನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಾ ಎನ್ನುವುದು ಎಂಥ ಆತಿಥ್ಯ? 2005ರಲ್ಲಿ ಹೊಸ ರಾಷ್ಟ್ರೀಯ ಪಂದ್ಯಮಾಲೆ ಮೊದಲಾದಾಗ ಅದರಲ್ಲಿ ಈ ಸಂಘಕ್ಕೆ ಸ್ಥಾನವಿರಲಿಲ್ಲ. ಅದು ಪ್ರಾಂತದ ಪಂದ್ಯಗಳಿಗೆ ಇಳಿದು ಆಟವನ್ನು ಮುಂದುವರಿಸಿತು. ನೋಡಲು ಬಂದ ಮುದುಕರ ಬಾಯಲ್ಲಿ ಅದರ ಹೆಸರು ಹೆಲ್ಲಾಸ್ ಎಂದೇ ಉಳಿಯಿತು.