‘ಹರಡಿದೆ’ ಎಂಬ ಮಾತು

ಮಾತನ್ನು ಕಲಿಸುವುದು ನನ್ನ ಕಸುಬು. ಈ ಶಾಲೆಯಲ್ಲಿ ಹಲವು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವೆನು. ಒಂದೇ ಶಬ್ದಕ್ಕೆ ಸಂದರ್ಭಕ್ಕೆ ತಕ್ಕಂತೆ ಅರ್ಥ ಬೇರೆಯಾಗುವುದೆಂದು ನಿಮಗೆ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಬಳ್ಳಿ ಹರಡುತ್ತದೆ, ಬೆಳಕು ಹರಡುತ್ತದೆ, ಕೀರ್ತಿ ಹರಡುತ್ತದೆ. ಹಾಗೆಯೇ ಸುಳ್ಳುಸುದ್ದಿಯೂ ರೋಗವೂ ಹರಡುತ್ತವೆ. ಆದರೆ ಆ ಒಂದು ಕ್ರಿಯಾಪದವನ್ನು ನಾನು ನಿಜವಾಗಿ ಕಲಿತದ್ದು ತರಗತಿಯಲ್ಲಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ. ಆ ಪಾಠವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡಬೇಕೆಂದು ಮನಸ್ಸಾಗಿದೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ.

2022ರ ಆಗಸ್ಟ್ ತಿಂಗಳು. ಹೊರಗೆ ಮುಂಬಯಿಯ ಮಳೆ. ನಾನು ಏಳನೆಯ ತರಗತಿಯಲ್ಲಿ ಪದ್ಯವನ್ನು ಓದುತ್ತಿದ್ದೆನು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನೀವು ಉಗುಳು ನುಂಗುವಾಗ ನಿಮ್ಮ ಕೊರಳಲ್ಲಿ ಏನೋ ಒಂದು ಗಂಟು ಮೇಲೆ ಕೆಳಗೆ ಹೋಗುತ್ತದೆ” ಎಂದಳು. ತರಗತಿಯೆಲ್ಲ ನಕ್ಕಿತು. “ಕಣ್ಣು ಪುಸ್ತಕದ ಮೇಲಿರಲಿ” ಎಂದು ಗದರಿ ಅವಳನ್ನು ಕೂರಿಸಿದೆನು. ಆ ರಾತ್ರಿ ಕನ್ನಡಿಯ ಮುಂದೆ ನಿಂತು ಒಂದು ಗುಟುಕು ನೀರು ನುಂಗಿದೆನು. ಅವಳು ಹೇಳಿದ್ದು ನಿಜವಾಗಿದ್ದಿತು. ಕೊರಳ ಬಲಬದಿಯಲ್ಲಿ ಕಡಲೆಕಾಳಿನಷ್ಟು ಮತ್ತೊಂದು ಗಂಟೂ ಕೈಗೆ ತಾಕಿತು. ಅದನ್ನು ಎರಡು ತಿಂಗಳ ಹಿಂದೆಯೇ ಗಮನಿಸಿದ್ದೆನು. ಶೀತದ ಗಂಟೆಂದು ನನಗೆ ನಾನೇ ಹೇಳಿಕೊಂಡು ಮರೆತಿದ್ದೆನು.

ಮುಂದಿನದು ಬೇಗಬೇಗನೆ ನಡೆಯಿತು. ಅಲ್ಟ್ರಾಸೌಂಡ್ ಆಯಿತು. ಸಣ್ಣ ಸೂಜಿಯಿಂದ ಎರಡೂ ಗಂಟುಗಳ ಜೀವಕೋಶಗಳನ್ನು ತೆಗೆದು ಪರೀಕ್ಷಿಸಿದರು. ವರದಿಯನ್ನು ನೋಡಿದ ತರುಣ ವೈದ್ಯರು ಮರಾಠಿಯಲ್ಲಿ ಹೇಳಿದರು: ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್, ಪಕ್ಕದ ದುಗ್ಧಗ್ರಂಥಿಗಳಿಗೂ “ಪಸರಲಾ ಆಹೇ”. ಪಸರಿಸಿದೆ! ನಮ್ಮ ಭಾಷೆಯಲ್ಲಿಯೂ ಇರುವ ಶಬ್ದ. ಅನುವಾದದ ಅವಶ್ಯಕತೆಯೇ ಇರಲಿಲ್ಲ. ಮುಂದೆ ಅವರು ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಕ್ಯಾನ್ಸರ್ ಹರಡಿತೆಂದರೆ ಎಲ್ಲವೂ ಮುಗಿಯಿತೆಂದೇ ನಾನು ತಿಳಿದಿದ್ದೆನು. ನನಗಾಗ ನಾಲ್ವತ್ತೊಂದು ವರ್ಷ.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾದಿದ್ದರು. “ಡಾಕ್ಟ್ರು ಎಂತ ಹೇಳಿದ್ರು ಮಗಾ?” ಎಂದು ಕೇಳಿದರು. “ಎಂತ ಇಲ್ಲ ಅಮ್ಮ, ಸಣ್ಣ ಗಂಟು” ಎಂದೆನು. ಮರುದಿನ ತರಗತಿಯಲ್ಲಿ ಕೊರಳಿಗೆ ಸೆರಗು ಸುತ್ತಿಕೊಂಡು, ಗಂಟಲುನೋವೆಂದು ನಿಮ್ಮ ಅಕ್ಕಂದಿರಿಗೂ ಅಣ್ಣಂದಿರಿಗೂ ಸುಳ್ಳು ಹೇಳಿದೆನು. ನಿಜ ಹೇಳಬೇಕೆಂದು ದಿನವೂ ಬೋಧಿಸುವವಳು ನಾನೇ.

ವಾರದ ನಂತರ ಶಸ್ತ್ರವೈದ್ಯರನ್ನು ಕಂಡೆನು. ನಡುವಯಸ್ಸಿನ ಆ ವೈದ್ಯೆ ನನ್ನ ಮುಖ ನೋಡಿದವರೇ ಒಂದು ಬಿಳಿ ಹಾಳೆಯನ್ನು ಎಳೆದುಕೊಂಡು ಚಿತ್ರ ಬರೆಯತೊಡಗಿದರು. ಶ್ವಾಸನಾಳಕ್ಕೆ ಅಪ್ಪಿಕೊಂಡಂತೆ ಚಿಟ್ಟೆಯಾಕಾರದ ಥೈರಾಯ್ಡ್. ಅದರ ಸುತ್ತ, ಕೊರಳ ಎರಡೂ ಬದಿಗೆ, ಮಣಿಸರದಂತೆ ಸಣ್ಣ ಸಣ್ಣ ದುಗ್ಧಗ್ರಂಥಿಗಳು. ರಕ್ತನಾಳಗಳಿಂದ ಒಸರಿದ ತಿಳಿದ್ರವವು ಸಣ್ಣ ಕಾಲುವೆಗಳಲ್ಲಿ ಹರಿದು, ಈ ಗ್ರಂಥಿಗಳೆಂಬ ಜರಡಿಗಳಲ್ಲಿ ಸೋಸಿ, ಮತ್ತೆ ರಕ್ತವನ್ನು ಸೇರುತ್ತದೆ. ಹಲ್ಲು ಹುಳುಕಾದಾಗ, ಗಂಟಲು ಕೆಟ್ಟಾಗ ನಿಮ್ಮ ದವಡೆಯ ಕೆಳಗೆ ಗಂಟು ಕಟ್ಟುವುದುಂಟಲ್ಲವೆ? ಅವು ಇವೇ ಜರಡಿಗಳು. ಥೈರಾಯ್ಡಿನಿಂದ ಕಳಚಿಕೊಂಡ ಕ್ಯಾನ್ಸರಿನ ಕಣಗಳು ಮೊದಲು ಸಿಕ್ಕಿಬೀಳುವುದೂ ಸಾಮಾನ್ಯವಾಗಿ ಇವುಗಳಲ್ಲಿಯೇ.

“ನಿಮ್ಮದು ಪ್ಯಾಪಿಲರಿ ಎಂಬ ಬಗೆ” ಎಂದು ಅವರು ವಿವರಿಸಿದರು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಈ ಬಗೆಯವು. ಇದು ಕೊರಳ ದುಗ್ಧಗ್ರಂಥಿಗಳಿಗೆ ಹೋಗುವುದು ತೀರ ಸಾಮಾನ್ಯ. ಮಕ್ಕಳಲ್ಲಿ ಇನ್ನೂ ಹೆಚ್ಚು. ಆದರೂ ಬಹುಮಂದಿ ಗುಣಹೊಂದುತ್ತಾರೆ. 2018ರಿಂದ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ, 55 ವರ್ಷಕ್ಕಿಂತ ಕಿರಿಯರಲ್ಲಿ ಈ ಬಗೆಯ ರೋಗವು ದುಗ್ಧಗ್ರಂಥಿಗಳಿಗೆ ಹೋಗಿದ್ದರೂ, ಶ್ವಾಸಕೋಶ, ಎಲುಬು ಮುಂತಾದ ದೂರದ ಅಂಗಗಳಿಗೆ ಹೋಗಿರದಿದ್ದರೆ, ಅದು ಮೊದಲನೆಯ ಹಂತವೇ! ಕೊನೆಯ ಹಂತವೆಂದು ಅಳುತ್ತ ಹೋದವಳು ನಾನು. “ಹಾಗೆಂದು ಹಗುರವಾಗಿ ಕಾಣಬಾರದು” ಎಂದು ಅವರೇ ಎಚ್ಚರಿಸಿದರು. ಗ್ರಂಥಿಗಳಿಗೆ ಹೋದ ರೋಗವು ಕೆಲಕಾಲದ ಮೇಲೆ ಅಲ್ಲಿಯೇ ಮತ್ತೆ ತಲೆಯೆತ್ತುವ ಸಂಭವ ಹೆಚ್ಚು. ಆದ್ದರಿಂದ ವರುಷ ವರುಷವೂ ಪರೀಕ್ಷೆ ಬೇಕು. ಥೈರಾಯ್ಡ್ ಕ್ಯಾನ್ಸರಿನಲ್ಲಿಯೇ ಅನಾಪ್ಲಾಸ್ಟಿಕ್ ಎಂಬ ಅಪರೂಪದ ಬಗೆಯೊಂದು ಬಹಳ ಕ್ರೂರವಾದದ್ದು. ಹೆಸರೊಂದೇ ಆದರೂ ಗುಣ ಒಂದೇ ಅಲ್ಲ.

ಜೀವದ ಭಯ ಇಳಿದ ಮೇಲೆ ಬೇರೊಂದು ಭಯ ಹುಟ್ಟಿತು. ಧ್ವನಿಪೆಟ್ಟಿಗೆಯನ್ನು ಆಡಿಸುವ ನರಗಳು ಥೈರಾಯ್ಡಿನ ಬೆನ್ನಿಗೇ ಹಾದುಹೋಗುತ್ತವೆ. ಅವುಗಳ ಹಾದಿ ವಿಚಿತ್ರ. ಮಿದುಳಿನ ಕಡೆಯಿಂದ ಬಂದ ನರವು ಧ್ವನಿಪೆಟ್ಟಿಗೆಯನ್ನು ದಾಟಿ ಕೆಳಗಿಳಿಯುತ್ತದೆ; ಎಡಗಡೆಯದಂತೂ ಎದೆಯೊಳಕ್ಕೆ ಹೋಗಿ, ಹೃದಯದಿಂದ ಹೊರಡುವ ಮಹಾಧಮನಿಯನ್ನು ಸುತ್ತಿ, ಮತ್ತೆ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ದಾದರಿನಲ್ಲಿರುವವರು ಬೋರಿವಲಿಗೆ ಹೋಗಬೇಕಾದರೆ, ಕುಳಿತುಕೊಳ್ಳಲು ಸ್ಥಳ ಸಿಗಲೆಂದು ಮೊದಲು ಚರ್ಚ್‌ಗೇಟಿಗೆ ಹೋಗಿ ಅದೇ ಗಾಡಿಯಲ್ಲಿ ಹಿಂದಿರುಗುವುದಿಲ್ಲವೆ? ಹಾಗೆ. ಆ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ನಮ್ಮ ಭಾಷೆಯಲ್ಲಿ ಕತ್ತಿಗೂ ಕೊರಳೆನ್ನುತ್ತಾರೆ, ದನಿಗೂ ಕೊರಳೆನ್ನುತ್ತಾರೆ. ಉಪಾಧ್ಯಾಯಿನಿಗೆ ಅವೆರಡೂ ಒಂದೇ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆನು. ವೈದ್ಯೆಯ ಚಿತ್ರವನ್ನೂ ತೋರಿಸಿದೆನು. ಅವರು ಅಳಲಿಲ್ಲ. “ಇಷ್ಟು ದಿನ ಒಬ್ಬಳೇ ಹೊತ್ತುಕೊಂಡದ್ದು ಯಾಕೆ?” ಎಂದಷ್ಟೇ ಕೇಳಿದರು.

ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ನಡೆಯಿತು. ಥೈರಾಯ್ಡ್ ಪೂರ್ತಿಯಾಗಿಯೂ, ಅದರೊಡನೆ ಇಪ್ಪತ್ತಮೂರು ದುಗ್ಧಗ್ರಂಥಿಗಳೂ ಹೋದವು. ಐದರಲ್ಲಿ ರೋಗವಿದ್ದಿತು. ಎಚ್ಚರವಾದ ಮೇಲೆ ನಾನು ಅಮ್ಮನನ್ನು ಕರೆದೆನು. ಪಿಸುಮಾತಿನಂತಹ ಸ್ವರವೊಂದು ಹೊರಟಿತು. ಆರು ವಾರ ಹಾಗೆಯೇ ಇದ್ದು ಮೆಲ್ಲಮೆಲ್ಲನೆ ದನಿ ಮರಳಿತು. ಥೈರಾಯ್ಡ್ ಇಲ್ಲದೆ ದೇಹ ನಡೆಯದು. ಸ್ವಿಸ್ ಶಸ್ತ್ರವೈದ್ಯ ಥಿಯೋಡರ್ ಕೋಕರ್ ಅದನ್ನು 1883ರಲ್ಲಿಯೇ ವರದಿ ಮಾಡಿದ್ದರು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರು ಕ್ರಮೇಣ ಜಡರಾಗುತ್ತಿದ್ದರು. 1909ರಲ್ಲಿ ಥೈರಾಯ್ಡಿನ ಮೇಲಣ ಸಂಶೋಧನೆಗಾಗಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಂದು ಇರದಿದ್ದ ಉಪಾಯ ಇಂದು ಇದೆ: ಪ್ರತಿದಿನ ಮುಂಜಾನೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ.

ಕೊನೆಯ ಚಿಕಿತ್ಸೆಯೇ ನನಗೆ ಬಹು ಸೋಜಿಗವೆನಿಸಿತು. ಥೈರಾಯ್ಡಿನ ಜೀವಕೋಶಗಳಿಗೆ ಅಯೋಡಿನ್ ಎಂದರೆ ಪ್ರೀತಿ. ಅದನ್ನು ರಕ್ತದಿಂದ ಹೀರಿಕೊಳ್ಳುತ್ತವೆ. ಹುಟ್ಟುಗುಣ ಸುಟ್ಟರೂ ಹೋಗದೆಂಬಂತೆ, ಕ್ಯಾನ್ಸರಾಗಿ ಬೇರೆ ಗ್ರಂಥಿಯಲ್ಲಿ ಅಡಗಿದ ಮೇಲೂ ಹಲವಕ್ಕೆ ಆ ಗುಣ ಉಳಿದಿರುತ್ತದೆ. ವಿಕಿರಣಶೀಲ ಅಯೋಡಿನ್–131 ಅನ್ನು ನುಂಗಿಸಿದರೆ ಅವು ಅದನ್ನೂ ಹೀರಿ ತಾವೇ ನಾಶವಾಗುತ್ತವೆ. ಈ ಅಯೋಡಿನ್ ಎಂಟು ದಿನಗಳಿಗೊಮ್ಮೆ ತನ್ನ ಶಕ್ತಿಯ ಅರ್ಧವನ್ನು ಕಳೆದುಕೊಳ್ಳುತ್ತದೆ. ಇದು ತಯಾರಾಗುವುದು ನಮ್ಮ ಟ್ರಾಂಬೆಯಲ್ಲಿ. ಪರೇಲಿನ ವಿಕಿರಣ ವೈದ್ಯಕೀಯ ಕೇಂದ್ರವು 1963ರಿಂದ ಇಂತಹ ಕೆಲಸದಲ್ಲಿ ತೊಡಗಿದೆ. ಇದು ಎಲ್ಲ ರೋಗಿಗಳಿಗೂ ಬೇಕಾಗುವುದಿಲ್ಲ, ನನಗೆ ಬೇಕಾಯಿತು. ಅದಕ್ಕೆ ಮೊದಲು ಎರಡು ವಾರ ಅಯೋಡಿನ್ ಬೆರೆತ ಉಪ್ಪಿಲ್ಲ, ಹಾಲು ಮಜ್ಜಿಗೆಯಿಲ್ಲ, ಮೀನಿಲ್ಲ. ಕರಾವಳಿಯವಳಿಗೆ ಇದಕ್ಕಿಂತ ಕಠಿಣ ವ್ರತ ಬೇರೆಯಿಲ್ಲ! ಅನಂತರ ಮೂರು ದಿನ ಒಂಟಿ ಕೋಣೆಯ ವಾಸ. ಊಟದ ತಟ್ಟೆ ಬಾಗಿಲಿಗೆ ಬರುತ್ತಿದ್ದಿತು, ಮನುಷ್ಯರು ಬರುತ್ತಿರಲಿಲ್ಲ.

ಆ ಮೂರು ದಿನ ನನಗೆ ಆ ಹುಡುಗಿಯ ನೆನಪೇ ಬರುತ್ತಿದ್ದಿತು. ಶಾಲೆಗೆ ಮರಳಿದ ದಿನ ತರಗತಿಯ ಮುಂದೆ ನಿಂತು, ಸೆರಗನ್ನು ಸರಿಸಿ, ಕೊರಳ ಗಾಯದ ಗೆರೆಯನ್ನು ತೋರಿಸಿದೆನು. ಗಂಟಲುನೋವೆಂದದ್ದು ಸುಳ್ಳೆಂದೂ, ಗದರಿದ್ದು ತಪ್ಪೆಂದೂ ಹೇಳಿದೆನು. ಇನ್ನೂ ಕುಂದಿದ್ದ ಆ ದನಿ ಹಿಂದಿನ ಬೆಂಚಿಗೂ ಕೇಳಿಸಿತು. ಅಷ್ಟು ನಿಶ್ಶಬ್ದವಾಗಿದ್ದಿತು ತರಗತಿ. ಆ ಹುಡುಗಿ ಎದ್ದು, “ಈಗ ನೋವಿದೆಯೆ, ಟೀಚರ್?” ಎಂದಳು. ಅಷ್ಟು ದಿನಗಳಲ್ಲಿ ನಾನು ಅತ್ತದ್ದು ಅಂದೊಮ್ಮೆ ಮಾತ್ರ.

ವಿದ್ಯಾರ್ಥಿಮಿತ್ರರೇ, ನಿಮ್ಮ ಕೊರಳಲ್ಲಿ ಗಂಟು ಕಂಡರೆ ಹೆದರಬೇಡಿರಿ. ಬಹುಪಾಲು ಅದು ಶೀತದ್ದೋ ಹಲ್ಲಿನದೋ ಆಗಿರುತ್ತದೆ. ಆದರೆ ಕೆಲವು ವಾರಗಳಾದರೂ ಇಳಿಯದಿದ್ದರೆ ಮನೆಯವರಿಗೆ ಹೇಳಿರಿ, ವೈದ್ಯರಿಗೆ ತೋರಿಸಿರಿ, ಮುಚ್ಚಿಡಬೇಡಿರಿ. ಹಿರಿಯರಲ್ಲಿ ಕಂಡರೂ ಹೇಳಿರಿ. ಅವರು ಗದರಿದರೂ ಹೇಳಿರಿ. ಒಂದು ಭಯಂಕರ ಶಬ್ದ ಕಿವಿಗೆ ಬಿದ್ದಾಗ ಓಡಿಹೋಗದೆ ನಿಂತು, ‘ಎಲ್ಲಿಗೆ? ಎಷ್ಟು? ಮುಂದೇನು?’ ಎಂದು ಕೇಳಿರಿ. ಅರ್ಥವನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಅಳುವುದಕ್ಕೆ ಬೇಕಾದಷ್ಟು ಹೊತ್ತಿದೆ. ಹಲವು ವೇಳೆ ಅದರ ಅಗತ್ಯವೇ ಬೀಳುವುದಿಲ್ಲ.

ಈ ವರ್ಷದ ಪರೀಕ್ಷೆಯೂ ಆಯಿತು. ರೋಗದ ಸುಳಿವಿಲ್ಲ. ನಾಳೆ ಮೊದಲ ಅವಧಿಯಲ್ಲಿ ಪದ್ಯ ಓದುವುದಿದೆ. ಓದುವವಳು ನಾನೇ.