ಸಂಡೂರಿನ ಸೆಪ್ಟೆಂಬರ್

ಗಣಪತಿಯನ್ನು ಕಳಿಸಿದ ಮಾರನೇ ಭಾನುವಾರ ಅಪ್ಪ ನಮ್ಮನ್ನು ಹೊಸಪೇಟೆಯಿಂದ ಸಂಡೂರಿಗೆ ಕರೆದೊಯ್ಯುತ್ತಿದ್ದರು. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರಂತೆ. ಊರವರೆಲ್ಲರ ಬಾಯಲ್ಲಿದ್ದ ಆ ಮಾತು ಅಪ್ಪನಿಗೆ ಪಂಚಾಂಗದಷ್ಟೇ ಪ್ರಮಾಣ.

ನಾರಿಹಳ್ಳ ದಾಟಿ ಬೆಟ್ಟ ಹತ್ತಲು ದನ ಕಾಯುವ ಅಜ್ಜನೊಬ್ಬ ಜೊತೆಯಾಗುತ್ತಿದ್ದ. ಬಂಡೆಯ ಸಂದಿಯಲ್ಲಿ ನೀರು ಜಿನುಗುವ ಒಂದು ಜಾಗ. ಅಲ್ಲಿ ನಮ್ಮನ್ನು ತಡೆದು ನಿಲ್ಲಿಸಿ, "ಒಬ್ಬೊಬ್ಬರೇ ಹೋಗ್ರಿ. ಎಲ್ಲಾರೂ ಇಳಿದ್ರ ರಾಡಿ ಆಗತೈತಿ, ಹಿಂದ ಬರೋ ದನ ಏನು ಕುಡೀಬೇಕು?" ಅನ್ನುತ್ತಿದ್ದ. ಮುತ್ತುಗದ ಎಲೆ ಮಡಚಿ ದೊನ್ನೆ ಮಾಡಿ, ತಳದ ಮಣ್ಣು ಕದಡದಂತೆ ಮೇಲಿನ ನೀರನ್ನಷ್ಟೇ ತುಂಬಿಕೊಡುತ್ತಿದ್ದ. ರೊಟ್ಟಿ, ಶೇಂಗಾ ಚಟ್ನಿಯ ಮೇಲೆ ಕುಡಿದ ಆ ನೀರಿನ ತಂಪು ಇನ್ನೂ ನಾಲಿಗೆಯಲ್ಲಿದೆ.

ಆಮೇಲೆ ಅದಿರಿನ ಭರಾಟೆ. ಹಗಲು ರಾತ್ರಿ ಲಾರಿಗಳ ಸಾಲು. ಕಣ್ಣು ಬಿಟ್ಟ ಸೀತಾಫಲದ ಸಂದುಸಂದಿನಲ್ಲೂ ಕೆಂಪು ಧೂಳು ಕೂತಿರುತ್ತಿತ್ತು, ತೊಳೆದರೂ ಹೋಗುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಕೊಟ್ಟಿತು. ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ಅದಿರು ಎಂದು ಮಿತಿ ಹಾಕಿತು. ಬೆಟ್ಟ ನೋಡಲು ಬರುವವರಿಂದ ಊರಿಗೆ ಅನ್ನ ಹುಟ್ಟಿದರೆ ಬೆಟ್ಟ ಅಗೆಯುವವರ ಹಂಗು ತಪ್ಪುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಈಗಲೂ ನಂಬಿದ್ದೇನೆ. ಬರಲಿ, ನಾಲ್ಕು ಮನೆಯ ಒಲೆ ಉರಿಯಲಿ.

ಆದರೆ ಅದಿರಿಗೆ ಹಾಕಿದ ಮಿತಿ ಕಾಲುಗಳಿಗೆ ಬೇಡವೇ? 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಮುಂದೆ ಆನ್‌ಲೈನ್ ಬುಕಿಂಗ್ ಮಾಡಿ ದಿನಕ್ಕೆ ಇಂತಿಷ್ಟೇ ಜನ ಎಂಬ ಕಟ್ಟು ತಂದಿತು. ಸಂಡೂರಿನ ಬೆಟ್ಟಗಳಿಗೂ, ಸೂರ್ಯೋದಯಕ್ಕೆಂದು ಜನ ಮುಗಿಬೀಳುವ ಹಂಪಿಯ ಮಾತಂಗ ಬೆಟ್ಟಕ್ಕೂ ಅಂಥ ಕಟ್ಟು ಬೇಕು. ಜೊತೆಗೆ ಬೆಟ್ಟ ಬಲ್ಲ ಊರವನೊಬ್ಬ ಮುಂದೆ ನಡೆಯಬೇಕು, ಅವನಿಗೆ ಕೂಲಿ ಸಿಗಬೇಕು. ಆ ಅಜ್ಜ ಕೇಳುತ್ತಿದ್ದದ್ದು ಎರಡು ಬೀಡಿ ಕಟ್ಟು ಮಾತ್ರ.

ಈಚೆಗೆ ಒಂದು ಭಾನುವಾರ ಮತ್ತೆ ಹೋಗಿದ್ದೆ. ಕಾಲುದಾರಿಯ ಮೇಲೆ ಬೈಕಿನ ಗಾಲಿ ಕೊರೆದ ಕೊರಕಲು. ಜಿನುಗು ನೀರಿನಲ್ಲಿ ಹತ್ತಾರು ಹುಡುಗರು ಬೂಟು ಸಮೇತ ಇಳಿದಿದ್ದರು, ಬಂಡೆಯ ಮೇಲೆ ಸ್ಪೀಕರ್ ಬಡಿದುಕೊಳ್ಳುತ್ತಿತ್ತು. ತುಸು ಕೆಳಗೆ, ಮುತ್ತುಗದ ಗಿಡದ ಹತ್ತಿರ ಐದಾರು ದನ ಕಿವಿ ನಿಮಿರಿಸಿ ನಿಂತಿದ್ದವು. ನಾನಿದ್ದಷ್ಟು ಹೊತ್ತೂ ಅವು ನೀರಿಗೆ ಬರಲಿಲ್ಲ.