‘ಬೆಂಗಳೂರಿನ ಹತ್ತಿರ’ ಅಲ್ಲ, ಶಿರಸಿ

ಡಬ್ಲಿನ್‌ಗೆ ಬಂದ ಹೊಸದರಲ್ಲಿ ಯಾರಾದರೂ ‘ನಿಮ್ಮೂರು ಯಾವುದು?’ ಅಂತ ಕೇಳಿದರೆ ‘ಬೆಂಗಳೂರಿನ ಹತ್ತಿರ’ ಅಂದುಬಿಡ್ತಿದ್ದೆ. ಆ ‘ಹತ್ತಿರ’ ಸುಮಾರು 400 ಕಿಲೋಮೀಟರ್! ವಿಡಿಯೋ ಕಾಲ್‌ನಲ್ಲಿ ಇದನ್ನು ತಮಾಷೆಯಾಗಿ ಹೇಳಿದಾಗ ಅಪ್ಪ ನಗಲಿಲ್ಲ. ‘ನಮ್ಮೂರಿಗೆ ಹೆಸ್ರಿಲ್ಯನಾ ತಮಾ?’ ಅಂದರು.

ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಹೊರಗಿನ ಜಿಟಿಜಿಟಿ ಮಳೆಗೆ ಬೈಯುತ್ತಿದ್ದರು. ‘ಇದೇನು ಮಳೆ, ನಮ್ಮ ಶಿರಸಿಯದ್ದು ಕೇಳಿ’ ಅಂತ ಶುರು ಮಾಡಿದೆ. ಜೂನ್‌ನಲ್ಲಿ ಹಿಡಿದರೆ ವಾರಗಟ್ಟಲೆ ಬಿಡದ ಮಳೆ, ಒಣಗದ ಬಟ್ಟೆ, ನಮ್ಮ ತೋಟದ ಅಡಿಕೆಗೆ ಬರುವ ಕೊಳೆ ರೋಗ. ಅದಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತುವ ಕೊನೆಗೌಡ ಕೆಳಗಿಳಿಯದೆ, ತುದಿಯಲ್ಲೇ ತೂಗಾಡಿ ಪಕ್ಕದ ಮರಕ್ಕೆ ದಾಟುವುದನ್ನು ಕೈಯಾಡಿಸಿ ತೋರಿಸಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯನ್ನೂ ಬಿಡಲಿಲ್ಲ.

ಅವರು ಊಟ ಮರೆತು ಕೇಳಿದರು. ಕೊನೆಗೆ, ‘ಈಗ ತೋಟ ಯಾರು ನೋಡ್ಕೋತಾರೆ?’ ಅಂದರು.

‘ಅಪ್ಪ.’

‘ಆಮೇಲೆ?’

ನಾನು ಸುಮ್ಮನಾದೆ.

ಸಂಜೆ ಫೋನ್ ಮಾಡಿ, ಮೊದಲ ಬಾರಿಗೆ ‘ಔಷಧಿ ಹೊಡೆದಾಯ್ತಾ ಅಪ್ಪಾ?’ ಅಂತ ಕೇಳಿದೆ. ಹೇಗಿದ್ದೀಯ, ಊಟ ಆಯ್ತಾ ಅನ್ನುವಲ್ಲಿಗೇ ಮುಗಿಯುತ್ತಿದ್ದ ಮಾತು ಅವತ್ತು ಅರ್ಧ ಗಂಟೆ ನಡೆಯಿತು. ಕೊನೆಗೌಡ ಸಿಗುತ್ತಿಲ್ಲವಂತೆ. ಉದುರಿದ ಅಡಿಕೆಯನ್ನು ಅಪ್ಪ ಒಬ್ಬರೇ ಹೆಕ್ಕುತ್ತಿದ್ದಾರಂತೆ.

ಮುಂದಿನ ರಜೆ ಡಿಸೆಂಬರ್‌ಗಲ್ಲ, ಮಳೆಗಾಲಕ್ಕೆ ಅಂತ ಹೇಳಿಬಿಟ್ಟಿದ್ದೇನೆ. ಆ ‘ಆಮೇಲೆ?’ಗೆ ಉತ್ತರ ಮಾತ್ರ ಇನ್ನೂ ಸಿಕ್ಕಿಲ್ಲ.